ಜೋಡಿ ಓಟದಲ್ಲಿ ಹೆಜ್ಜೆ ಸಮ, ಹೊರೆ ಸಮವಲ್ಲ



ಹಬ್ಬದ ಊಟಕ್ಕೆ ಸೇರಿದಾಗ ಹೋಳಿಗೆಯ ಜೊತೆಗೆ ಸಕ್ಕರೆ ಕಾಯಿಲೆಯ ಮಾತೂ ಬಂದೇ ಬರುತ್ತದೆ. ಆದ್ದರಿಂದಲೋ ಏನೋ, ಈಚೆಗೆ ನಮ್ಮಲ್ಲಿ ಗಂಡ-ಹೆಂಡತಿ, ಅಪ್ಪ-ಮಗಳು, ಭಾವ-ಭಾವಮೈದ ಹೀಗೆ ಇಬ್ಬಿಬ್ಬರು ಸೇರಿ ವ್ಯಾಯಾಮದ ಓಟಕ್ಕೆ ತಯಾರಿ ನಡೆಸುವುದು ಕಾಣುತ್ತಿದೆ. ಇಂಥ ಓಟ ಮುಗಿದ ಮೇಲೆ ಕೈಗೆ ಬರುವ ಸಮಯದ ಹಾಳೆಯನ್ನು ಓದುವುದು ಹೇಗೆ, ಅದರಿಂದ ಕಲಿಯಬಹುದಾದದ್ದು ಏನು ಎಂಬುದೇ ಈ ಸಂಚಿಕೆಯ ಪುಟ್ಟ ಪಾಠ. ನಾನು ತರಬೇತುದಾರಳಲ್ಲ. ಲೆಕ್ಕ ಬರೆದಿಡುವ ಅಭ್ಯಾಸ ಇರುವವಳು, ಅಷ್ಟೇ.

ಓಟದ ಸ್ವರೂಪ

ಇವುಗಳಲ್ಲಿ ಹೆಚ್ಚು ಹೆಸರಾದದ್ದು ಹೈರಾಕ್ಸ್. 2017ರಲ್ಲಿ ಜರ್ಮನಿಯಲ್ಲಿ ಹುಟ್ಟಿತು. ಹುಟ್ಟುಹಾಕಿದ ಇಬ್ಬರಲ್ಲಿ ಮೋರಿಟ್ಜ್ ಫ್ಯುರ್‌ಸ್ಟೆ ಒಬ್ಬರು. 2008 ಮತ್ತು 2012ರ ಒಲಿಂಪಿಕ್ಸ್‌ಗಳಲ್ಲಿ ಚಿನ್ನ ಗೆದ್ದ ಜರ್ಮನ್ ಹಾಕಿ ತಂಡದಲ್ಲಿದ್ದವರು ಎಂದರೆ ನಮ್ಮ ಹಾಕಿ ಪ್ರಿಯರಿಗೆ ಗುರುತು ಸಿಗಬಹುದು. 2025ರಲ್ಲಿ ಈ ಓಟ ಮುಂಬಯಿಗೂ ಬಂತು.

ನಿಯಮ ಸರಳ. ಒಂದು ಕಿಲೋಮೀಟರ್ ಓಡಬೇಕು, ಒಂದು ಕಸರತ್ತು ಮಾಡಬೇಕು. ಹೀಗೆ ಎಂಟು ಸಲ. ಕಸರತ್ತುಗಳು ಕ್ರಮವಾಗಿ ಇವು: ಸ್ಕೀ ಯಂತ್ರದ ಹಗ್ಗ ಎಳೆಯುವುದು 1000 ಮೀಟರ್, ಸ್ಲೆಡ್ ಎಂಬ ಚಕ್ರವಿಲ್ಲದ ಭಾರದ ಬಂಡಿಯನ್ನು ತಳ್ಳುವುದು 50 ಮೀಟರ್, ಅದನ್ನೇ ಹಗ್ಗದಿಂದ ಎಳೆಯುವುದು 50 ಮೀಟರ್, ನೆಲಕ್ಕೆ ಮಲಗಿ ಎದ್ದು ಮುಂದಕ್ಕೆ ಜಿಗಿಯುವ ಬರ್ಪಿ 80 ಮೀಟರ್, ರೋಯಿಂಗ್ ಯಂತ್ರ 1000 ಮೀಟರ್, ಎರಡೂ ಕೈಯಲ್ಲಿ ಭಾರ ಹಿಡಿದು ನಡೆಯುವುದು 200 ಮೀಟರ್, ಮರಳಿನ ಚೀಲ ಹೆಗಲಿಗೇರಿಸಿ ಮಂಡಿಯೂರುತ್ತ ನಡೆಯುವುದು 100 ಮೀಟರ್, ಕೊನೆಗೆ ಭಾರದ ಚೆಂಡನ್ನು ಗೋಡೆಯ ಗುರಿಗೆ ಎಸೆಯುವುದು 100 ಸಲ.

ಜೋಡಿ ವಿಭಾಗದಲ್ಲಿ ಎರಡು ಮಾತು ಮುಖ್ಯ. ಎಂಟೂ ಕಿಲೋಮೀಟರನ್ನು ಇಬ್ಬರೂ ಜೊತೆಯಲ್ಲೇ ಓಡಬೇಕು. ಕಸರತ್ತನ್ನು ಮಾತ್ರ ಹೇಗೆ ಬೇಕಾದರೂ ಹಂಚಿಕೊಳ್ಳಬಹುದು. ಒಬ್ಬರು ಮಾಡುವಾಗ ಇನ್ನೊಬ್ಬರಿಗೆ ವಿಶ್ರಾಂತಿ. ಓಟ ಹಂಚಲು ಬರುವುದಿಲ್ಲ, ಕೆಲಸ ಹಂಚಲು ಬರುತ್ತದೆ. ಲೆಕ್ಕವೆಲ್ಲ ನಿಂತಿರುವುದು ಇದರ ಮೇಲೆ.

ಕೀನ್ಯಾದ ಓಟಗಾರರ ಪಾಠ

ವೇಗವನ್ನು ಹೇಗೆ ಖರ್ಚು ಮಾಡಬೇಕೆಂದು ತಿಳಿಯಲು ಈ ದೇಶದವರಿಗಿಂತ ಒಳ್ಳೆಯ ಗುರುಗಳು ಎಲ್ಲಿ ಸಿಕ್ಕಾರು? ಎರಡು ಉದಾಹರಣೆ ನೋಡೋಣ.

2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಡೇವಿಡ್ ರುಡಿಶಾ 800 ಮೀಟರನ್ನು 1 ನಿಮಿಷ 40.91 ಸೆಕೆಂಡಿನಲ್ಲಿ ಓಡಿ ವಿಶ್ವದಾಖಲೆ ಮಾಡಿದರು. ಮೊದಲ ಸುತ್ತು 49.28 ಸೆಕೆಂಡು, ಎರಡನೆಯದು 51.63. ಅಂದರೆ ಮೊದಲರ್ಧವೇ ವೇಗ. 2023ರ ಅಕ್ಟೋಬರ್‌ನಲ್ಲಿ ಕೆಲ್ವಿನ್ ಕಿಪ್ಟಮ್ ಶಿಕಾಗೋ ಮ್ಯಾರಥಾನನ್ನು 2 ಗಂಟೆ 35 ಸೆಕೆಂಡಿನಲ್ಲಿ ಮುಗಿಸಿ ಆಗಿನ ವಿಶ್ವದಾಖಲೆ ಬರೆದರು. ಮೊದಲರ್ಧ 60 ನಿಮಿಷ 48 ಸೆಕೆಂಡು, ಎರಡನೆಯ ಅರ್ಧ 59 ನಿಮಿಷ 47 ಸೆಕೆಂಡು. ಇಲ್ಲಿ ಕೊನೆಯ ಅರ್ಧವೇ ವೇಗ. ನಾಲ್ಕೇ ತಿಂಗಳಲ್ಲಿ, 2024ರ ಫೆಬ್ರವರಿಯಲ್ಲಿ, ಆ ಯುವಕ ರಸ್ತೆ ಅಪಘಾತದಲ್ಲಿ ತೀರಿಕೊಂಡದ್ದು ಈ ನಾಡು ಇನ್ನೂ ಮರೆಯದ ನೋವು.

ಎರಡು ನಿಮಿಷದೊಳಗಿನ ಓಟದಲ್ಲಿ ಮೊದಲೇ ಖರ್ಚು ಮಾಡಿದರೂ ನಡೆದೀತು. ಗಂಟೆಗಟ್ಟಲೆಯ ಓಟದಲ್ಲಿ ಉಳಿಸಿದವರೇ ಗೆಲ್ಲುವವರು. ನಮ್ಮಂಥವರಿಗೆ ಈ ಜೋಡಿ ಓಟ ಒಂದೂವರೆ ಗಂಟೆಯ ಆಸುಪಾಸು ಹಿಡಿಯುತ್ತದೆ. ಆದ್ದರಿಂದ ಇದು ಕಿಪ್ಟಮ್ ಅವರ ಜಾತಿಯ ಓಟ, ರುಡಿಶಾ ಅವರದ್ದಲ್ಲ. ಇಲ್ಲಿಯ ಜನ ಹೇಳುವ 'ಹರಾಕ ಹರಾಕ ಹೈನ ಬರಾಕ' ಎಂಬ ಸ್ವಾಹಿಲಿ ಗಾದೆಗೂ ನಮ್ಮ 'ನಿಧಾನವೇ ಪ್ರಧಾನ'ಕ್ಕೂ ಅರ್ಥ ಹೆಚ್ಚುಕಡಿಮೆ ಒಂದೇ.

ಇದರ ಜೊತೆಗೆ ನಮ್ಮೂರಿನ ಎತ್ತರವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದ್ದರೆ ನೈರೋಬಿ ಸುಮಾರು 1800 ಮೀಟರ್. ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲೆಡೆಯಂತೆ ಶೇಕಡಾ 21ರಷ್ಟೇ. ಆದರೆ ಗಾಳಿಯ ಒತ್ತಡ ಸಮುದ್ರಮಟ್ಟಕ್ಕಿಂತ ಸುಮಾರು ಐದನೇ ಒಂದು ಭಾಗ ಕಡಿಮೆ. ಹೀಗಾಗಿ ಪ್ರತಿ ಉಸಿರಿಗೂ ದೇಹಕ್ಕೆ ದಕ್ಕುವುದು ಕಡಿಮೆ. ಒಮ್ಮೆ ಏದುಸಿರು ಹತ್ತಿತೆಂದರೆ ಇಳಿಯಲು ಹೊತ್ತು ಬೇಕು. ಮೊಂಬಾಸಾದಲ್ಲಿ ಮಾಡಿದ ಅವಸರಕ್ಕಿಂತ ನೈರೋಬಿಯಲ್ಲಿ ಮಾಡಿದ ಅವಸರಕ್ಕೆ ಬಡ್ಡಿ ಜಾಸ್ತಿ!

ನೊಗದ ಪಾಠ

ಒಂಟಿ ಓಟಗಾರರಿಗೆ ಇಷ್ಟು ಸಾಕು. ಜೋಡಿಗೆ ಇನ್ನೊಂದು ತೊಡಕಿದೆ. ಇಬ್ಬರ ಉಸಿರೂ ಒಂದೇ ಅಳತೆಯದಲ್ಲ, ಇಬ್ಬರ ಬಲವೂ ಒಂದೇ ಅಲ್ಲ. ನಮ್ಮ ತಾತ ಬಲ ಸಮವಲ್ಲದ ಎರಡು ಎತ್ತು ಹೂಡುವಾಗ ನೊಗ ಕಟ್ಟುವ ಹಗ್ಗವನ್ನು ಗಟ್ಟಿ ಎತ್ತಿನ ಕಡೆಗೆ ಸ್ವಲ್ಪ ಸರಿಸುತ್ತಿದ್ದರು. ಆಗ ಭಾರದ ಹೆಚ್ಚಿನ ಪಾಲು ಅದಕ್ಕೆ ಬೀಳುತ್ತದೆ. ಎರಡೂ ಎತ್ತು ನಡೆಯುವುದು ಮಾತ್ರ ಒಂದೇ ಹೆಜ್ಜೆ. ಹೆಜ್ಜೆ ಸಮ, ಹೊರೆ ಸಮವಲ್ಲ. ಜೋಡಿ ಓಟದ ಗುಟ್ಟೂ ಇದೇ ಎಂಬುದು ನನ್ನ ಅಭಿಪ್ರಾಯ.

ಬರೀ ಅಭಿಪ್ರಾಯ ಸಾಲದು, ಅಂಕಿ ಬೇಕು. ಅದಕ್ಕಾಗಿ ನಾನೂ ನಮ್ಮ ಯಜಮಾನರೂ ಮೂರು ವಾರದ ಅಂತರದಲ್ಲಿ ಎರಡು ಶನಿವಾರ, ಒಂದೇ ಜಿಮ್‌ನಲ್ಲಿ, ಒಂದೇ ಹೊತ್ತಿಗೆ, ಎರಡು ಬಗೆಯಲ್ಲಿ ಇಡೀ ಓಟವನ್ನು ಮಾಡಿ ನೋಡಿದೆವು. ತೂಕ ಮಹಿಳೆಯರ ಸಾಮಾನ್ಯ ವಿಭಾಗದ್ದು. ತಳ್ಳುವ ಸ್ಲೆಡ್ 102 ಕಿಲೋ. (ಸ್ತ್ರೀ-ಪುರುಷ ಜೋಡಿಗೆ ನಿಜವಾದ ಸ್ಪರ್ಧೆಯಲ್ಲಿ ಅದು 152 ಕಿಲೋ.) ನಾನು ಹಗುರ. ಕರೂರ ಕಾಡಿನಲ್ಲಿ ಓಡಿ ಅಭ್ಯಾಸವಿದೆ. ಒಬ್ಬಳೇ ಓಡಿದರೆ ಕಿಲೋಮೀಟರಿಗೆ ಸುಮಾರು ಐದೂಕಾಲು ನಿಮಿಷ. ಇವರು ಗಟ್ಟಿಮುಟ್ಟು, ಆದರೆ ಓಟಕ್ಕೆ ಹೊಸಬರು. ಕಿಲೋಮೀಟರಿಗೆ ಆರೂಕಾಲು ನಿಮಿಷ.

ಮೊದಲ ಶನಿವಾರ ಎಲ್ಲ ಜೋಡಿಗಳೂ ಸಹಜವಾಗಿ ಮಾಡುವ ರೀತಿ: ಇಬ್ಬರ ನಡುವಿನ ವೇಗದಲ್ಲಿ ಓಟ, ಕಸರತ್ತು ಅರ್ಧ-ಅರ್ಧ. ಎರಡನೆಯ ಶನಿವಾರ ನೊಗದ ರೀತಿ: ಓಟ ಇವರ ವೇಗಕ್ಕೆ, ಕಸರತ್ತು ಅವರವರ ಶಕ್ತಿಗೆ. ಎಂಟು ಕಿಲೋಮೀಟರುಗಳ ಸಮಯ (ನಿಮಿಷ:ಸೆಕೆಂಡು) ಹೀಗಿತ್ತು.

ಮೊದಲ ಶನಿವಾರ: 5:42, 5:55, 6:30, 6:52, 7:10, 7:05, 7:20, 7:38. ಒಟ್ಟು ಓಟ 54:12.
ಎರಡನೆಯ ಶನಿವಾರ: 6:20, 6:24, 6:38, 6:35, 6:40, 6:32, 6:36, 6:30. ಒಟ್ಟು ಓಟ 52:15.

ಕಸರತ್ತಿಗೆ ಮೊದಲ ಸಲ 36:20, ಎರಡನೆಯ ಸಲ 32:50. ಓಟದಿಂದ ಕಸರತ್ತಿಗೆ, ಕಸರತ್ತಿನಿಂದ ಓಟಕ್ಕೆ ಹೋಗಿಬರುವ ಸಮಯ 5:10 ಮತ್ತು 3:40. ಎಲ್ಲ ಸೇರಿ 95:42 ಇದ್ದದ್ದು 88:45ಕ್ಕೆ ಇಳಿಯಿತು. ಸುಮಾರು ಏಳು ನಿಮಿಷದ ಉಳಿತಾಯ.

ಹಾಳೆ ಓದುವ ಕ್ರಮ

ಮೊದಲು ಒಟ್ಟು ಸಮಯ ನೋಡಬೇಡಿ. ಅತಿ ವೇಗದ ಕಿಲೋಮೀಟರಿಗೂ ಅತಿ ನಿಧಾನದ್ದಕ್ಕೂ ಇರುವ ಅಂತರ ನೋಡಿ. ಮೊದಲ ಶನಿವಾರ ಅದು 1:56. ಎರಡನೆಯದರಲ್ಲಿ ಬರೀ 20 ಸೆಕೆಂಡು. ಅಂತರ ಹೆಚ್ಚಾದಷ್ಟೂ ಶುರುವಿನಲ್ಲಿ ಸಾಲ ಮಾಡಿದ್ದೇವೆ ಎಂದರ್ಥ.

ಎರಡನೆಯದಾಗಿ, ಸಾಲ ಎಷ್ಟು, ತೀರಿಸಿದ್ದು ಎಷ್ಟು ಎಂದು ಲೆಕ್ಕ ಹಾಕಿ. ಮೊದಲ ಮೂರು ಕಿಲೋಮೀಟರುಗಳಲ್ಲಿ ಮೊದಲ ರೀತಿಯೇ 1:15 ಮುಂದಿತ್ತು. ಉಳಿದ ಐದರಲ್ಲಿ ಅದು 3:12 ಹಿಂದೆ ಬಿತ್ತು. 75 ಸೆಕೆಂಡು ಸಾಲಕ್ಕೆ 192 ಸೆಕೆಂಡು ವಾಪಸ್ಸು. ಯಾವ ಲೇವಾದೇವಿಯವನೂ ಇಷ್ಟು ಬಡ್ಡಿ ಹಾಕಲಾರ.

ಮೂರನೆಯದಾಗಿ, ಉಳಿತಾಯ ಬಂದದ್ದು ಎಲ್ಲಿಂದ ಎಂದು ಬಿಡಿಸಿ ನೋಡಿ. ಓಟದಿಂದ 1:57, ಕಸರತ್ತಿನಿಂದ 3:30, ಹೋಗಿಬರುವುದರಿಂದ 1:30. ಅಂದರೆ ನಿಧಾನವಾಗಿ ಓಡಿದ್ದರಿಂದ ಹೆಚ್ಚು ಲಾಭವಾದದ್ದು ಓಟದಲ್ಲಲ್ಲ, ಕಸರತ್ತಿನಲ್ಲಿ. ಉಸಿರು ಇದ್ದವರ ಕೈ ಕೆಲಸ ಮಾಡುತ್ತದೆ.

ಇನ್ನೊಂದು ಮಾತನ್ನೂ ಹೇಳಬೇಕು. ನಡುವಿನ ಮೂರು ವಾರದ ಅಭ್ಯಾಸದಿಂದಲೂ ಸ್ವಲ್ಪ ಲಾಭ ಆಗಿರಲೇಬೇಕು. ಏಳು ನಿಮಿಷವೂ ಹಂಚಿಕೆಯದೇ ಎಂದು ನಾನು ಹೇಳುವುದಿಲ್ಲ. ಆದರೆ ಅಭ್ಯಾಸ ಮಾತ್ರ ಹೆಚ್ಚಾಗಿದ್ದರೆ ಎಲ್ಲ ಕಿಲೋಮೀಟರೂ ಸ್ವಲ್ಪ ಸ್ವಲ್ಪ ವೇಗವಾಗಬೇಕಿತ್ತು. ಮೊದಲ ಮೂರು ನಿಧಾನವಾಗಿ, ಕೊನೆಯ ಐದು ವೇಗವಾದದ್ದು ಹಂಚಿಕೆಯ ಗುರುತು.

ಕೆಲಸ ಹಂಚುವ ಬಗೆ

ಸ್ಲೆಡ್ ತಳ್ಳುವಾಗ ಮೈತೂಕ ಇದ್ದವರಿಗೆ ಅನುಕೂಲ. ಅದರ ಮುಕ್ಕಾಲು ಪಾಲು ಇವರು ಮಾಡಿದರು. 4:40 ಇದ್ದದ್ದು 3:50 ಆಯಿತು. ಸ್ಕೀ ಯಂತ್ರ, ಬರ್ಪಿ, ರೋಯಿಂಗ್ ಇವೆಲ್ಲ ಉಸಿರಿನ ಕೆಲಸ. ಹೆಚ್ಚಿನ ಪಾಲು ನಾನು ತೆಗೆದುಕೊಂಡೆ, ಆ ಹೊತ್ತಿನಲ್ಲಿ ಇವರ ಉಸಿರು ಹತೋಟಿಗೆ ಬಂತು.

ಚೆಂಡು ಎಸೆಯುವುದನ್ನು ಮೊದಲ ಸಲ ಐವತ್ತು-ಐವತ್ತು ಎಂದು ಹಂಚಿದ್ದೆವು, ಎರಡನೆಯ ಸಲ ಹತ್ತು-ಹತ್ತು. ಎಸೆತ ಅಷ್ಟೇ, ಆದರೂ 7:30 ಇದ್ದದ್ದು 5:50ಕ್ಕೆ ಬಂತು. ಕಾರಣವಿಷ್ಟೆ: ಸ್ನಾಯುವಿನಲ್ಲಿ ತಟ್ಟನೆ ಒದಗುವ ಶಕ್ತಿ ಬೇಗ ಖಾಲಿಯಾಗುತ್ತದೆ, ಅರ್ಧ-ಒಂದು ನಿಮಿಷ ಬಿಟ್ಟರೆ ಸಾಕಷ್ಟು ಮತ್ತೆ ತುಂಬಿಕೊಳ್ಳುತ್ತದೆ. ಪೂರ್ತಿ ಬರಿದಾಗುವ ಮೊದಲೇ ಕೈ ಬದಲಿಸಬೇಕು. ರೋಯಿಂಗ್ ಮಾತ್ರ ಇದಕ್ಕೆ ಹೊರತು. ಕಾಲಿನ ಪಟ್ಟಿ ಬಿಚ್ಚಿ ಕಟ್ಟುವುದರಲ್ಲೇ ಹೊತ್ತು ಹೋಗುವುದರಿಂದ ಅಲ್ಲಿ ಒಂದೇ ಬದಲಾವಣೆ ಸಾಕು.

ಮುಂದಿನ ಕಸರತ್ತನ್ನು ಯಾರು ಶುರು ಮಾಡುವುದು ಎಂದು ಮೊದಲೇ ತೀರ್ಮಾನಿಸಿ ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಳ್ಳಿ. ಹೋಗಿಬರುವುದರಲ್ಲಿ ಉಳಿದ ಒಂದೂವರೆ ನಿಮಿಷ ಇದರದೇ. 'ನೀವು ಮಾಡ್ತೀರಾ, ನಾನು ಮಾಡ್ಲಾ?' ಎಂಬ ಮಾತಿಗೆ ಅಲ್ಲಿ ಸಮಯವಿಲ್ಲ.

ಓಟದ ವೇಗ ಸರಿಯಿದೆಯೇ ಎಂದು ತಿಳಿಯಲು ಗಡಿಯಾರವೂ ಬೇಡ. ಓಡುತ್ತಲೇ 'ಏನ್ರೀ, ರಾತ್ರಿಗೆ ಏನು ಅಡಿಗೆ ಮಾಡೋಣ?' ಎಂದು ಕೇಳಿ. ಪೂರ್ತಿ ವಾಕ್ಯದಲ್ಲಿ ಉತ್ತರ ಬಂದರೆ ವೇಗ ಸರಿ. ಬರೀ 'ಹ್ಞೂಂ' ಬಂದರೆ ಹೆಜ್ಜೆ ತಗ್ಗಿಸಿ. ಕೇಳುವವರು ವೇಗದವರು, ಉತ್ತರ ಕೊಡುವವರು ನಿಧಾನದವರು. ಈ ಕ್ರಮ ಬದಲಾಗಬಾರದು.

ಏಳು ನಿಮಿಷಕ್ಕಿಂತ ದೊಡ್ಡದು

ಮೊದಲ ಶನಿವಾರ ಓಟ ಮುಗಿದ ಮೇಲೆ ಇವರು ಗೋಡೆಗೆ ಒರಗಿ ಕೂತು, 'ನಿನಗೆ ನಾನು ಸರಿಯಾದ ಜೋಡಿ ಅಲ್ಲ ಕಣೇ, ಬೇರೆ ಯಾರನ್ನಾದರೂ ನೋಡಿಕೋ' ಎಂದರು. ತಮಾಷೆಯ ದನಿ ಅದಾಗಿರಲಿಲ್ಲ. ರಕ್ತದ ಸಕ್ಕರೆ ಗಡಿಯಲ್ಲಿದೆ, ವ್ಯಾಯಾಮ ಬಿಡಬೇಡಿ ಎಂದು ಡಾಕ್ಟರು ಹೇಳಿದ ಮೇಲೆ ಶುರು ಮಾಡಿದವರು ಇವರು. ಎರಡನೆಯ ಶನಿವಾರ ಇವರು ಕೇಳಿದ್ದು, 'ಮುಂದಿನದು ಯಾವಾಗ?' ಎಂದು. ನನಗೆ ಎರಡೂ ಹಾಳೆಗಳಲ್ಲಿ ಇರುವ ಎಲ್ಲ ಅಂಕಿಗಳಿಗಿಂತ ಈ ಪ್ರಶ್ನೆ ದೊಡ್ಡದು.

ನಮ್ಮ ಮನೆಗಳಲ್ಲಿ ವ್ಯಾಯಾಮ ನಿಂತುಹೋಗುವುದು ಹೆಚ್ಚಾಗಿ ಸೋಮಾರಿತನದಿಂದಲ್ಲ. ಹಿಂದೆ ಬಿದ್ದವರಿಗೆ ತಾನು ಭಾರವಾದೆ ಅನ್ನಿಸುತ್ತದೆ, ಮರುವಾರ ಏನಾದರೂ ನೆಪ ಹುಟ್ಟುತ್ತದೆ. ಮಕ್ಕಳ ಜೊತೆ ಓಡುವ ಅಪ್ಪಂದಿರಿಗೂ, ಸೊಸೆಯ ಜೊತೆ ನಡೆಯುವ ಅತ್ತೆಯರಿಗೂ ಇದೇ ಮಾತು ಅನ್ವಯಿಸುತ್ತದೆ. ನಿಧಾನದವರ ಹೆಜ್ಜೆಗೆ ಹೆಜ್ಜೆ ಹಾಕುವುದು ಉಪಕಾರವಲ್ಲ, ಅದೇ ಜಾಣತನ ಎಂದು ಅಂಕಿಯಲ್ಲೇ ತೋರಿಸಿದರೆ ಯಾರ ಮರ್ಯಾದೆಗೂ ಕುಂದಿಲ್ಲ.

ಕೊನೆಗೊಂದು ಎಚ್ಚರಿಕೆ. ನಲವತ್ತು ದಾಟಿದವರು, ಬಿ.ಪಿ., ಸಕ್ಕರೆ, ಹೃದಯದ ತೊಂದರೆ ಇರುವವರು ಡಾಕ್ಟರನ್ನು ಕೇಳಿಯೇ ಶುರು ಮಾಡಿ. ಎದೆ ಬಿಗಿದರೆ, ತಲೆ ಸುತ್ತಿದರೆ ಅಲ್ಲೇ ನಿಲ್ಲಿಸಿ. ಊರಿನಿಂದ ಬಂದ ನೆಂಟರನ್ನು ಮೊದಲ ವಾರವೇ ಇಲ್ಲಿಯ ಎತ್ತರದಲ್ಲಿ ಜೋರಾಗಿ ಓಡಿಸಬೇಡಿ.

ನಿಮ್ಮ ಜೋಡಿಯ ಹಾಳೆ ಇದ್ದರೆ ಮುಂದಿನ ಕೂಟಕ್ಕೆ ತನ್ನಿ. ಕಾಫಿ ಕುಡಿಯುತ್ತ ಕೂತು ಲೆಕ್ಕ ಬಿಡಿಸೋಣ. ಪೆನ್ನು ನಾನು ತರುತ್ತೇನೆ.