ಶುಕ್ರವಾರದ ಬನ್ನಿಗೆ ಚನ್ನಂಗಿ ಕಾಳು



ತಪಸ್ಸುಕಾಲದ ಶುಕ್ರವಾರ ಬಂತೆಂದರೆ ಅಡುಗೆಮನೆಯಲ್ಲಿ ಒಂದು ಪ್ರಶ್ನೆ ಏಳುತ್ತದೆ: ಮಾಂಸವಿಲ್ಲ, ಮಕ್ಕಳಿಗೆ ಇವತ್ತು ಏನು ಮಾಡಿಕೊಡುವುದು? ಇದು ನಮ್ಮ ಮನೆಗಳ ಪ್ರಶ್ನೆ ಮಾತ್ರವಲ್ಲ. ಅಮೆರಿಕದ ಕಥೋಲಿಕ ತಾಯಂದಿರೂ ಇದನ್ನೇ ಕೇಳಿಕೊಳ್ಳುತ್ತಾರೆ. ಅವರಲ್ಲಿ ಅನೇಕರು ಕಂಡುಕೊಂಡ ಒಂದು ಉತ್ತರವನ್ನು ಈ ವಾರ ನೋಡೋಣ. ಅದರಲ್ಲಿ ಅಡುಗೆಯ ಪಾಠವೂ ಇದೆ, ವಿಶ್ವಾಸದ ಪಾಠವೂ ಇದೆ.

ಆ ದೇಶದ ಮಕ್ಕಳು ಇಷ್ಟಪಟ್ಟು ತಿನ್ನುವ ತಿಂಡಿಗಳಲ್ಲಿ ‘ಸ್ಲಾಪಿ ಜೋ’ ಒಂದು. ದನದ ಮಾಂಸದ ಖೀಮಾವನ್ನು ಈರುಳ್ಳಿ, ಟೊಮೆಟೊ ರಸದೊಡನೆ ಹುಳಿ-ಸಿಹಿಯಾಗಿ ಬೇಯಿಸಿ, ದುಂಡನೆಯ ಬನ್ನಿನ ನಡುವೆ ತುಂಬಿ ಕೊಡುತ್ತಾರೆ. ಸ್ಲಾಪಿ ಎಂದರೆ ಅಚ್ಚುಕಟ್ಟಿಲ್ಲದ್ದು. ತಿನ್ನುವಾಗ ರಸ ಬೆರಳ ಸಂದಿಯಿಂದ ಸೋರುವುದರಿಂದ ಹೆಸರು ಚೆನ್ನಾಗಿಯೇ ಒಪ್ಪುತ್ತದೆ. ಶುಕ್ರವಾರಗಳಲ್ಲಿ ಇದೇ ತಿಂಡಿಗೆ ಖೀಮಾದ ಬದಲು ಚನ್ನಂಗಿ, ಅಂದರೆ ಮಸೂರ ಹಾಕುತ್ತಾರೆ.

ಧರ್ಮಸಭೆ ಹೇಳುವುದೇನು?

ಯೇಸುಸ್ವಾಮಿ ನಮಗಾಗಿ ಶಿಲುಬೆಯ ಮೇಲೆ ಪ್ರಾಣ ಕೊಟ್ಟ ದಿನ ಶುಕ್ರವಾರ. ಆದುದರಿಂದ ಅದು ಪ್ರಾಯಶ್ಚಿತ್ತದ ದಿನ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 1251ನೇ ನಿಯಮ ಶುಕ್ರವಾರಗಳಲ್ಲಿ ಮಾಂಸವನ್ನು ಅಥವಾ ಧರ್ಮಾಧ್ಯಕ್ಷರ ಮಂಡಳಿ ಸೂಚಿಸುವ ಬೇರೆ ಆಹಾರವನ್ನು ತ್ಯಜಿಸಲು ಹೇಳುತ್ತದೆ. ಬೂದಿ ಬುಧವಾರ ಮತ್ತು ಶುಭ ಶುಕ್ರವಾರ ಇದರೊಡನೆ ಉಪವಾಸವೂ ಇದೆ. ಮಾಂಸವರ್ಜನೆ 14 ವರ್ಷ ತುಂಬಿದವರಿಗೆ ಅನ್ವಯಿಸುತ್ತದೆ. ಉಪವಾಸ 18 ವರ್ಷ ತುಂಬಿದವರಿಂದ ಹಿಡಿದು 60ನೇ ವರ್ಷಕ್ಕೆ ಕಾಲಿಡುವವರೆಗೆ.

ಜಗದ್ಗುರು ಆರನೆಯ ಪೌಲರು 1966ರಲ್ಲಿ ಪ್ರಾಯಶ್ಚಿತ್ತದ ನಿಯಮಗಳನ್ನು ಪರಿಷ್ಕರಿಸಿದರು. ಅದೇ ವರ್ಷ ಅಮೆರಿಕದ ಧರ್ಮಾಧ್ಯಕ್ಷರು ವರ್ಷದ ಉಳಿದ ಶುಕ್ರವಾರಗಳ ಮಾಂಸವರ್ಜನೆಯನ್ನು ಕಡ್ಡಾಯದಿಂದ ಸಡಿಲಿಸಿದರೂ, ತಪಸ್ಸುಕಾಲದ ಶುಕ್ರವಾರಗಳ ನಿಯಮವನ್ನು ಹಾಗೆಯೇ ಉಳಿಸಿಕೊಂಡರು.

ಈ ನಿಯಮ ಅಲ್ಲಿನ ಬೀದಿಯ ವ್ಯಾಪಾರವನ್ನೂ ಮುಟ್ಟಿದೆ. ಸಿನ್ಸಿನಾಟಿಯ ಕಥೋಲಿಕರು ಹೆಚ್ಚಾಗಿದ್ದ ಬಡಾವಣೆಯಲ್ಲಿ ಮೆಕ್‌ಡೊನಾಲ್ಡ್ಸ್ ಅಂಗಡಿ ನಡೆಸುತ್ತಿದ್ದ ಲೂ ಗ್ರೋನ್ ಎಂಬವರಿಗೆ ಶುಕ್ರವಾರ ವ್ಯಾಪಾರವೇ ಆಗುತ್ತಿರಲಿಲ್ಲ. ಅವರು 1962ರಲ್ಲಿ ಬನ್ನಿನೊಳಗೆ ಮೀನಿನ ತುಂಡಿಟ್ಟು ಮಾರತೊಡಗಿದರು. ಇಂದು ಲೋಕಕ್ಕೆಲ್ಲ ಪರಿಚಿತವಾದ ‘ಫಿಲೆ-ಓ-ಫಿಶ್’ ಹುಟ್ಟಿದ್ದು ಹೀಗೆ.

ಬೈಬಲಿನಲ್ಲಿ ಚನ್ನಂಗಿ

ಮೀನಿಗಿಂತ ಅಗ್ಗವಾದ ಚನ್ನಂಗಿಗೆ ಪವಿತ್ರ ಗ್ರಂಥದಲ್ಲಿ ಹಳೆಯ ಸ್ಥಾನವಿದೆ. ಯಕೋಬನು ಬೇಯಿಸಿದ ಕೆಂಪು ಪದಾರ್ಥಕ್ಕಾಗಿ ಏಸಾವನು ತನ್ನ ಜ್ಯೇಷ್ಠತನದ ಹಕ್ಕನ್ನೇ ಮಾರಿಬಿಟ್ಟ ಕಥೆ ನಿಮಗೆ ಗೊತ್ತು (ಆದಿಕಾಂಡ 25:29-34). ನಿಮ್ಮಲ್ಲಿರುವ ಅನುವಾದದಲ್ಲಿ ಬೇರೆ ಕಾಳಿನ ಹೆಸರಿದ್ದರೂ ಹೀಬ್ರೂ ಮೂಲದ ‘ಅದಾಷೀಮ್’ ಎಂದರೆ ಚನ್ನಂಗಿಯೇ. ಮಗ ಅಬ್ಷಾಲೋಮನಿಗೆ ಅಂಜಿ ಓಡಿಹೋಗಿ ಹಸಿದು ಬಳಲಿದ್ದ ದಾವೀದನಿಗೂ ಅವನ ಜನರಿಗೂ ನೆರೆಹೊರೆಯವರು ಹೊತ್ತು ತಂದ ಆಹಾರದಲ್ಲೂ ಇದೇ ಕಾಳಿತ್ತು (ಸಮುವೇಲನು ಎರಡನೆಯ ಗ್ರಂಥ 17:27-29).

ಕಾಳು ಒಂದೇ. ಒಂದು ಕಡೆ ಅದು ಹೊಟ್ಟೆಬಾಕತನದ ಬೆಲೆಯಾಯಿತು, ಇನ್ನೊಂದು ಕಡೆ ಹಸಿದವನಿಗೆ ತೋರಿದ ಪ್ರೀತಿಯಾಯಿತು. ತಟ್ಟೆಯಲ್ಲಿರುವ ಪದಾರ್ಥಕ್ಕಿಂತ ಅದನ್ನು ಉಣ್ಣುವ, ಬಡಿಸುವ ಮನಸ್ಸು ಮುಖ್ಯ.

ಮಾಡುವ ವಿಧಾನ

ಆರು ಬನ್ನುಗಳಿಗೆ ಬೇಕಾಗುವ ಸಾಮಾನು: ಸಿಪ್ಪೆಸಹಿತ ಇಡೀ ಚನ್ನಂಗಿ ಕಾಳು 1 ಬಟ್ಟಲು (ಸುಮಾರು 200 ಗ್ರಾಂ), ದೊಡ್ಡ ಈರುಳ್ಳಿ 1, ದೊಣ್ಣೆ ಮೆಣಸಿನಕಾಯಿ 1, ಬೆಳ್ಳುಳ್ಳಿ 3 ಎಸಳು, ಟೊಮೆಟೊ ರುಬ್ಬಿದ ರಸ ಒಂದೂವರೆ ಬಟ್ಟಲು, ಟೊಮೆಟೊ ಕೆಚಪ್ ಕಾಲು ಬಟ್ಟಲು, ಬೆಲ್ಲದ ಪುಡಿ 1 ದೊಡ್ಡ ಚಮಚ, ವಿನೆಗರ್ 1 ದೊಡ್ಡ ಚಮಚ, ಸಾಸಿವೆ ಪುಡಿ ಮತ್ತು ಅಚ್ಚಖಾರದ ಪುಡಿ 1 ಚಿಕ್ಕ ಚಮಚದಂತೆ, ಎಣ್ಣೆ 2 ದೊಡ್ಡ ಚಮಚ, ರುಚಿಗೆ ಉಪ್ಪು.

1. ಕಾಳನ್ನು ಆರಿಸಿ ತೊಳೆದು, 3 ಬಟ್ಟಲು ನೀರಿನಲ್ಲಿ 20-25 ನಿಮಿಷ ಬೇಯಿಸಿ. ಬೆರಳಲ್ಲಿ ಹಿಚುಕಿದರೆ ಮೆತ್ತಗಾಗಬೇಕು, ಆದರೆ ಕಾಳಿನ ಆಕಾರ ಉಳಿದಿರಬೇಕು. ತೆರೆದ ಪಾತ್ರೆಯೇ ಒಳ್ಳೆಯದು. ಕುಕ್ಕರಿನಲ್ಲಿಟ್ಟರೆ ಕರಗಿ ಸಾರಿನಂತಾದೀತು. ಹೆಚ್ಚಿನ ನೀರನ್ನು ಬಸಿದಿಡಿ.

2. ಎಣ್ಣೆ ಕಾಯಿಸಿ, ಸಣ್ಣಗೆ ಹೆಚ್ಚಿದ ಈರುಳ್ಳಿ, ದೊಣ್ಣೆ ಮೆಣಸಿನಕಾಯಿ, ಬೆಳ್ಳುಳ್ಳಿಯನ್ನು ಕೆಂಪಗೆ ಬಾಡಿಸಿ. ಪುಡಿಗಳನ್ನು ಹಾಕಿ ಒಮ್ಮೆ ತಿರುವಿ.

3. ಟೊಮೆಟೊ ರಸ, ಕೆಚಪ್, ಬೆಲ್ಲ, ವಿನೆಗರ್, ಉಪ್ಪು ಸೇರಿಸಿ ಕುದಿಸಿ. ಕಾಳು ಬೆಂದ ಮೇಲೆಯೇ ಹುಳಿ ಸೇರಬೇಕು. ಮೊದಲೇ ಹುಳಿ ಬಿದ್ದರೆ ಕಾಳು ಮೆತ್ತಗಾಗಲು ಹೆಚ್ಚು ಹೊತ್ತು ಬೇಕಾಗುತ್ತದೆ.

4. ಬೆಂದ ಕಾಳಿನ ಮೂರರಲ್ಲೊಂದು ಪಾಲನ್ನು ಸೌಟಿನಿಂದ ಮಸೆದು, ಉಳಿದದ್ದರೊಡನೆ ರಸಕ್ಕೆ ಹಾಕಿ. ಸಣ್ಣ ಉರಿಯಲ್ಲಿ 10-15 ನಿಮಿಷ ಇಡಿ. ಮಸೆದ ಕಾಳು ರಸವನ್ನು ಹಿಡಿದಿಡುತ್ತದೆ. ಗಟ್ಟಿಯಾದರೆ ಬಸಿದ ನೀರನ್ನು ಸ್ವಲ್ಪ ಬೆರೆಸಿ.

5. ಬನ್ನುಗಳನ್ನು ಸೀಳಿ, ಒಳಭಾಗವನ್ನು ಕಾವಲಿಯ ಮೇಲೆ ಬಿಸಿಮಾಡಿ. ಹೀಗೆ ಮಾಡಿದರೆ ಬನ್ನು ಬೇಗ ನೆನೆದು ಹರಿಯುವುದಿಲ್ಲ. ಬಿಸಿಯಿರುವಾಗಲೇ ತುಂಬಿ ಬಡಿಸಿ.

ಪೌಷ್ಟಿಕತೆಯ ಚಿಂತೆ ಬೇಡ. ಬೆಂದ ಚನ್ನಂಗಿಯ 100 ಗ್ರಾಮಿನಲ್ಲಿ ಸುಮಾರು 9 ಗ್ರಾಂ ಪ್ರೋಟೀನು ಇದೆ. ಕಾಳಿನ ಪ್ರೋಟೀನಿನ ಕೊರತೆಯನ್ನು ಗೋಧಿಯ ಬನ್ನು ತುಂಬುತ್ತದೆ, ಗೋಧಿಯ ಕೊರತೆಯನ್ನು ಕಾಳು ತುಂಬುತ್ತದೆ.

ರುಚಿಯಾದರೆ ತ್ಯಾಗವೆಲ್ಲಿ?

‘ಮಾಂಸದಷ್ಟೇ ರುಚಿಯಾಗಿ ತಿಂದ ಮೇಲೆ ಅದೆಂಥ ಪ್ರಾಯಶ್ಚಿತ್ತ?’ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ಉಪವಾಸ ಮಾಡುವಾಗ ಮುಖ ಸಪ್ಪಗೆ ಮಾಡಿಕೊಳ್ಳಬೇಡಿರೆಂದು ಯೇಸುವೇ ಕಲಿಸಿದ್ದಾರೆ (ಮತ್ತಾಯ 6:16-18). ಮಕ್ಕಳು ಗೊಣಗದೆ ಉಣ್ಣುವಂತೆ ಅಡುಗೆ ಮಾಡುವುದು ತಪ್ಪಲ್ಲ. ತಪ್ಪು ಬೇರೊಂದಿದೆ. ಮಾಂಸ ಬಿಟ್ಟೆವೆಂದು ಅದಕ್ಕಿಂತ ದುಬಾರಿಯಾದ ಅಂಜಲ್, ಸಿಗಡಿ ತಂದು ಹಬ್ಬದೂಟ ಮಾಡಿದರೆ ಅಕ್ಷರ ಉಳಿಯುತ್ತದೆ, ಆತ್ಮ ಹೋಗುತ್ತದೆ. ಹಾಗೆಯೇ, ಎಂದೂ ಮಾಂಸ ತಿನ್ನದವರು ಶುಕ್ರವಾರ ಅದನ್ನು ತಿನ್ನದಿದ್ದರೆ ಬಿಟ್ಟದ್ದೇನು? ಅಂಥವರು ತಮಗೆ ಪ್ರಿಯವಾದ ಬೇರೇನನ್ನಾದರೂ ಬಿಡಲಿ.

ಬಿಟ್ಟದ್ದು ಯಾರ ಕೈಸೇರಿತು ಎಂಬುದೇ ಕೊನೆಯ ಪರೀಕ್ಷೆ. ದೇವರು ಮೆಚ್ಚುವ ಉಪವಾಸವೆಂದರೆ ಹಸಿದವರೊಡನೆ ಅನ್ನ ಹಂಚಿಕೊಳ್ಳುವುದು ಎಂದು ಪ್ರವಾದಿ ಯೆಶಾಯ ಸಾರುತ್ತಾನೆ (58:6-7). ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದ ಅಲೆನ್‌ಟೌನ್ ಧರ್ಮಪ್ರಾಂತ್ಯದಲ್ಲಿ 1975ರಲ್ಲಿ ‘ರೈಸ್ ಬೌಲ್’ ಎಂಬ ಯೋಜನೆ ಆರಂಭವಾಯಿತು. ಆಫ್ರಿಕದಲ್ಲಿ ಬರಗಾಲದಿಂದ ಹಸಿದವರಿಗೆ ನೆರವಾಗಲು ಕುಟುಂಬಗಳು ಸರಳ ಊಟ ಮಾಡಿ, ಉಳಿದ ಹಣವನ್ನು ಊಟದ ಮೇಜಿನ ಮೇಲಿಟ್ಟ ರಟ್ಟಿನ ಡಬ್ಬಿಗೆ ಹಾಕಿದವು. ಮುಂದೆ ಅದು ದೇಶವ್ಯಾಪಿಯಾಯಿತು.

ಅಂಥ ಡಬ್ಬಿಯನ್ನು ನಮ್ಮ ಮೇಜಿನ ಮೇಲೂ ಇಡಬಹುದಲ್ಲವೇ? ಒಂದು ಕಿಲೊ ಮಾಂಸದ ಬೆಲೆಗೂ ಒಂದು ಬಟ್ಟಲು ಚನ್ನಂಗಿಯ ಬೆಲೆಗೂ ಇರುವ ಅಂತರವನ್ನು ಮಕ್ಕಳೇ ಲೆಕ್ಕ ಹಾಕಿ, ತಮ್ಮ ಕೈಯಾರೆ ಹಾಕಲಿ. ಪಾಸ್ಖ ಹಬ್ಬಕ್ಕೆ ಮುನ್ನ ಅದನ್ನು ಧರ್ಮಕೇಂದ್ರದ ಬಡವರಿಗೆ ತಲುಪಿಸಿ. ಆಗ ನಿಮ್ಮ ಮನೆಯ ಚನ್ನಂಗಿ ಏಸಾವನ ಬಟ್ಟಲನ್ನು ಬಿಟ್ಟು ದಾವೀದನ ಬಟ್ಟಲನ್ನು ಸೇರುತ್ತದೆ.

ಮನೆಯಲ್ಲಿ ಚರ್ಚಿಸಿ

1. ಶುಕ್ರವಾರ ನಾವು ಮಾಂಸ ಬಿಡುವುದು ಏಕೆಂದು ನಮ್ಮ ಮಕ್ಕಳು ಹೇಳಬಲ್ಲರೇ?

2. ಏಸಾವನಂತೆ ಕ್ಷಣದ ಆಸೆಗೆ ನಾವು ಕೊಟ್ಟುಬಿಡುತ್ತಿರುವ ಬೆಲೆಬಾಳುವ ವಸ್ತು ಯಾವುದು?

3. ನಮ್ಮ ಬೀದಿಯಲ್ಲಿ ಈ ವಾರ ಯಾರ ಮನೆಯ ಒಲೆ ಉರಿದಿಲ್ಲ?

ಈ ವಾರದ ಸಂಕಲ್ಪ: ಶಿಲುಬೆ ಹಾದಿ ಮುಗಿಸಿ ಬಂದು, ಮನೆಯವರೆಲ್ಲ ಒಟ್ಟಿಗೆ ಕುಳಿತು ಒಂದು ಸರಳ ಊಟ ಮಾಡುವುದು, ಉಳಿದದ್ದನ್ನು ಹಂಚುವುದು.