ಹಿಮ ಬೀಳುವ ಮುನ್ನ ಪಿಕಪ್‌ಗೆ ನಾಲ್ಕು ಮೂಟೆ ಮರಳು

ಮಿನೆಸೋಟಾ, ಮಿಷಿಗನ್ ಕಡೆ ನೆಲೆಸಿ, ಹಿಂದಿನ ಚಕ್ರಗಳಿಗಷ್ಟೇ ಎಂಜಿನ್ ಬಲ ಹೋಗುವ ಪಿಕಪ್ ಓಡಿಸುತ್ತಿದ್ದೀರಾ? ಹಿಮ ಬೀಳುವ ಮುಂಚೆ ಈ ಮಾತು ಕೇಳಿ. ಗಾಡಿಯ ಭಾರ ಹೆಚ್ಚಾಗಿ ಮುಂದಿದೆ. ತಳ್ಳಬೇಕಾದ ಚಕ್ರಗಳ ಮೇಲೆ ಬರೀ ಖಾಲಿ ತೊಟ್ಟಿ. ಹಿಮದಲ್ಲಿ ಅವು ಗಿರ್ರನೆ ತಿರುಗುತ್ತವೆ, ಗಾಡಿ ಕದಲುವುದಿಲ್ಲ.

ಮೊದಲು ಟೈರು. 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬೇಸಿಗೆ ಟೈರಿನ ರಬ್ಬರು ಗಡಸಾಗುತ್ತದೆ. ಮೂರು ಶಿಖರದ ಬೆಟ್ಟದೊಳಗೆ ಹಿಮದ ಹರಳಿನ ಗುರುತಿರುವ ಟೈರನ್ನೇ ನಾಲ್ಕೂ ಚಕ್ರಕ್ಕೆ ಹಾಕಿಸಿ. ಹಿಂದಿನ ಎರಡಕ್ಕೆ ಸಾಕೆಂದು ಉಳಿಸಲು ಹೋಗಬೇಡಿ. ಗಾಡಿ ತಿರುಗಿಸುವವು ಮುಂದಿನ ಚಕ್ರಗಳು.

ಆಮೇಲೆ ಮರಳು. 60 ಪೌಂಡಿನ, ಅಂದರೆ ಸುಮಾರು 27 ಕಿಲೋದ ಉದ್ದನೆಯ ಚೀಲಗಳು ಅಲ್ಲಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುತ್ತವೆ. ನಾಲ್ಕು ಸಾಕು. ಹಿಂದಿನ ಅಚ್ಚಿನ ನೇರ ಮೇಲಿಡಿ. ಹಿಂಬಾಗಿಲಿಗೆ ಒತ್ತಿಟ್ಟರೆ ಗಾಡಿಯ ಮೂತಿ ಹಗುರಾಗಿ ಸ್ಟಿಯರಿಂಗ್ ಮಾತು ಕೇಳುವುದಿಲ್ಲ. ಪಟ್ಟಿಯಿಂದ ಬಿಗಿದು ಕಟ್ಟಿ. ಜೋರು ಬ್ರೇಕಿಗೆ ಸಡಿಲ ಮೂಟೆ ಕ್ಯಾಬಿನ್ನಿಗೆ ಗುದ್ದೀತು. ಚಕ್ರ ಸಿಕ್ಕಿಬಿದ್ದಾಗ ಒಂದು ಚೀಲ ಬಿಚ್ಚಿ ಅದರ ಮುಂದೆ ನಾಲ್ಕು ಬೊಗಸೆ ಚೆಲ್ಲಿ, ಹಿಡಿತ ಸಿಗುತ್ತದೆ. ಕಬ್ಬಿಣಕ್ಕಿಂತ ಮರಳು ನನಗೆ ಮೆಚ್ಚು ಇದಕ್ಕೇ. ನೆನೆದ ಮರಳು ಕಲ್ಲಾಗಿ ಹೆಪ್ಪುಗಟ್ಟುತ್ತದೆ, ಒಣಗಿದ್ದನ್ನೇ ಇಡಿ.

ಗಾಳಿಯ ಒತ್ತಡವನ್ನೂ ನೋಡುತ್ತಿರಿ: ಪ್ರತಿ 10 ಡಿಗ್ರಿ ಫ್ಯಾರನ್‌ಹೀಟ್ ಇಳಿತಕ್ಕೆ ಸುಮಾರು 1 ಪಿಎಸ್‌ಐ ಕಡಿಮೆಯಾಗುತ್ತದೆ. ಬ್ಯಾಟರಿ ಹಳೆಯದಾದರೆ ಈಗಲೇ ಬದಲಿಸಿ.

ಹಿಮದಲ್ಲಿ ಸಿಕ್ಕಿ ಎಂಜಿನ್ ಓಡಿಸಿಕೊಂಡೇ ಕೂರಬೇಕಾದರೆ, ಮೊದಲು ಇಳಿದು ಹೊಗೆಕೊಳವೆಯ ಸುತ್ತಲಿನ ಹಿಮ ತೆಗೆಯಿರಿ. ಅದು ಮುಚ್ಚಿದರೆ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಒಳಗೆ ಸೇರಿ ಜೀವಕ್ಕೇ ಕುತ್ತು. ಸಲಿಕೆ ಸೀಟಿನ ಹಿಂದೆಯೇ ಇರಲಿ, ತೊಟ್ಟಿಯಲ್ಲಿ ಬೇಡ.