ಚಳಿಗಾಲದ ಮಂಕುತನಕ್ಕೆ ಊಟದಲ್ಲಿ ಉಪಾಯ

ಕಾರ್ತಿಕ ಮಾಸ ಕಳೆದು ಮಾರ್ಗಶಿರ, ಪುಷ್ಯ ಮಾಸಗಳು ಬರುತ್ತಿದ್ದಂತೆ ನಮ್ಮ ಹಾಸನ ಸೀಮೆಯಲ್ಲಿ ಚಳಿ ಬಲಿಯುತ್ತದೆ. ಸಮುದ್ರಮಟ್ಟದಿಂದ 900 ಮೀಟರಿಗೂ ಹೆಚ್ಚು ಎತ್ತರದಲ್ಲಿರುವ ಹಾಸನದಲ್ಲಿ, ಹೇಮಾವತಿಯ ದಡದ ಹೊಳೆನರಸೀಪುರದಲ್ಲಿ, ಅರಕಲಗೂಡಿನ ಹೊಲಗದ್ದೆಗಳಲ್ಲಿ, ಚನ್ನರಾಯಪಟ್ಟಣದ ತೆಂಗಿನ ತೋಟಗಳಲ್ಲಿ ಬಿಸಿಲೇರುವವರೆಗೂ ಇಬ್ಬನಿ ಆರುವುದಿಲ್ಲ. ಈ ದಿನಗಳಲ್ಲಿ ಮನೆಯ ಹಿರಿಯರು, ಕೆಲವೊಮ್ಮೆ ಪ್ರಾಯದವರೂ, “ಏಕೋ ಮನಸ್ಸಿಗೆ ಉತ್ಸಾಹವಿಲ್ಲ, ಹಾಸಿಗೆಯಿಂದ ಏಳಬೇಕೆನಿಸದು, ಯಾರೊಡನೆಯೂ ಮಾತು ಬೇಡ” ಎನ್ನುವುದನ್ನು ಕೇಳುತ್ತೇವೆ. ಅದನ್ನು ಸೋಮಾರಿತನವೆಂದೋ ವಯಸ್ಸಿನ ಗುಣವೆಂದೋ ತಳ್ಳಿಹಾಕುವುದುಂಟು. ಹಾಗೆ ತಳ್ಳಿಹಾಕುವ ಮುನ್ನ ಅವರ ಊಟದ ತಟ್ಟೆಯನ್ನು ಒಮ್ಮೆ ನೋಡುವುದು ಒಳಿತು.

ಮಂಕು ಕವಿಯಲು ಕಾರಣವೇನು?

ಉತ್ತರದ ಶೀತದೇಶಗಳಲ್ಲಿ ಚಳಿಗಾಲದ ಹಗಲು ಬಹಳ ಕಿರಿದು. ಅಲ್ಲಿ ಕೆಲವರಿಗೆ ಪ್ರತಿ ಚಳಿಗಾಲದಲ್ಲಿಯೂ ಖಿನ್ನತೆ ಮರುಕಳಿಸುತ್ತದೆ. ಅಮೆರಿಕೆಯ ಮನೋವೈದ್ಯ ನಾರ್ಮನ್ ರೋಸೆಂಥಾಲ್ ಮತ್ತು ಸಂಗಡಿಗರು 1984ರಲ್ಲಿ ಈ ಋತುಮಾನದ ಖಿನ್ನತೆಯನ್ನು ವಿವರಿಸಿದರು. ನಮ್ಮಲ್ಲಿ ಡಿಸೆಂಬರಿನ ಅತಿ ಕಿರಿಯ ಹಗಲೂ ಹನ್ನೊಂದು ಗಂಟೆಗೆ ಮೀರಿದ್ದು; ಜೂನ್ ತಿಂಗಳ ಹಗಲಿಗೂ ಅದಕ್ಕೂ ಸುಮಾರು ಒಂದೂವರೆ ಗಂಟೆಯ ಅಂತರ ಮಾತ್ರ. ಆದುದರಿಂದ ಬೆಳಕಿನ ಕೊರತೆಯೊಂದನ್ನೇ ಇಲ್ಲಿ ಕಾರಣವೆನ್ನಲಾಗದು. ಚಳಿಗೆ ಬಾಗಿಲು ಮುಚ್ಚಿ ಒಳಗೇ ಕೂರುವುದು, ನಡಿಗೆ ನಿಲ್ಲುವುದು, ಬಾಯಾರದೆಂದು ನೀರು ಬಿಡುವುದು, ಕರಿದ ತಿಂಡಿ ಹಾಗೂ ಕಾಫಿಯಲ್ಲೇ ಹೊಟ್ಟೆ ತುಂಬಿಸುವುದು, ಇವೆಲ್ಲ ಒಂದುಗೂಡಿದಾಗ ದೇಹದಲ್ಲಿ ಮೊದಲೇ ಇದ್ದ ಪೋಷಕಾಂಶಗಳ ಕೊರತೆ ಎದ್ದು ಕಾಣತೊಡಗುತ್ತದೆ.

ಆಹಾರದಿಂದ ಮನಸ್ಸು ಸುಧಾರಿಸುವುದೇ ಎಂಬ ಪ್ರಶ್ನೆಗೆ ಆಸ್ಟ್ರೇಲಿಯಾದಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ಉತ್ತರ ಹುಡುಕಿತು. ಖಿನ್ನತೆಯಿದ್ದ 67 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ 12 ವಾರ ಆಹಾರ ತಜ್ಞರ ಮಾರ್ಗದರ್ಶನವನ್ನೂ, ಇನ್ನೊಂದಕ್ಕೆ ಸ್ನೇಹದ ಒಡನಾಟವನ್ನೂ ನೀಡಿದರು. ಮೊದಲ ಗುಂಪಿನಲ್ಲಿ ಸುಮಾರು ಮೂರನೆಯ ಒಂದು ಭಾಗದವರಿಗೆ ಖಿನ್ನತೆ ನೀಗಿತು. ಎರಡನೆಯದರಲ್ಲಿ ನೂರಕ್ಕೆ ಎಂಟರಷ್ಟು ಜನರಿಗೆ. ಅಧ್ಯಯನ ಚಿಕ್ಕದು, ಅವರ ಆಹಾರದಲ್ಲಿ ಮೀನು, ಮಾಂಸಗಳೂ ಇದ್ದವು, ಹಲವರು ಚಿಕಿತ್ಸೆಯನ್ನೂ ಪಡೆಯುತ್ತಿದ್ದರು. ಆದರೆ ಅದರ ಬಹುಭಾಗ ಇಡಿಯ ಧಾನ್ಯ, ಕಾಳು, ತರಕಾರಿ, ಹಣ್ಣುಗಳೇ. ಇವು ನಮ್ಮ ಹೊಲಗಳಿಗೆ ಹೊಸತಲ್ಲ.

ಕಾಲವೇ ಕೊಡುವ ಆಹಾರ

ಹೇಮಂತದಲ್ಲಿ ಜಠರಾಗ್ನಿ ಪ್ರಬಲವಾಗಿರುವುದೆಂದೂ ಅದಕ್ಕೆ ತಕ್ಕ ಪುಷ್ಟಿಯ ಆಹಾರ ಬೇಕೆಂದೂ ಚರಕಸಂಹಿತೆ ಹೇಳುತ್ತದೆ. ಈ ಕಾಲಕ್ಕೆ ಸರಿಯಾಗಿ ಹೊಸ ರಾಗಿ ಕಣಕ್ಕೆ ಬರುತ್ತದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣಾಂಶವಿದೆ. ನಾರಿನಂಶವೂ ಇರುವುದರಿಂದ ಹಸಿವನ್ನು ಹೆಚ್ಚು ಹೊತ್ತು ತಡೆಯುತ್ತದೆ. ಅದರೊಡನೆ ಹಿತಕಿದ ಅವರೆಬೇಳೆಯ ಸಾರೋ ಹುರುಳಿಯ ಬಸ್ಸಾರೋ ಸೇರಿದರೆ ಸಸಾರಜನಕ ದೊರೆಯುತ್ತದೆ. ಒಣ ಹುರುಳಿಯಲ್ಲಿ ಅದು ನೂರಕ್ಕೆ ಇಪ್ಪತ್ತು ಭಾಗಕ್ಕೂ ಮಿಗಿಲು. ನುಗ್ಗೆ, ದಂಟು, ಮೆಂತ್ಯದ ಸೊಪ್ಪುಗಳು ಫೋಲೇಟ್ ಹಾಗೂ ಕಬ್ಬಿಣವನ್ನು ಕೊಡುತ್ತವೆ. ಸಂಕ್ರಾಂತಿಯ ಎಳ್ಳು, ಕೊಬ್ಬರಿ, ಕಡಲೆಕಾಯಿ ಬೀಜಗಳು, ಹುಚ್ಚೆಳ್ಳಿನ ಚಟ್ನಿಪುಡಿ ಶಕ್ತಿಯುಳ್ಳ ಪದಾರ್ಥಗಳು. ಮಧುಮೇಹವಿರುವವರು ಬೆಲ್ಲವನ್ನು ಮಾತ್ರ ಮಿತಿಯಲ್ಲಿಡಬೇಕು.

ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣವನ್ನು ದೇಹ ಸುಲಭವಾಗಿ ಹೀರಿಕೊಳ್ಳದು. ಊಟದಲ್ಲಿ ನೆಲ್ಲಿಕಾಯಿ, ನಿಂಬೆರಸ ಅಥವಾ ಸೀಬೆಹಣ್ಣು ಇದ್ದರೆ ಹೆಚ್ಚು ಹೀರಿಕೊಳ್ಳುತ್ತದೆ. ಊಟದೊಡನೆ ಅಥವಾ ಊಟವಾದ ಕೂಡಲೇ ಕುಡಿದ ಕಾಫಿ, ಚಹಾ ಅದನ್ನು ತಡೆಯುತ್ತವೆ. ಕಾಫಿ ಬೆಳೆಯುವ ಜಿಲ್ಲೆಯವರಾದ ನಾವು ಕಾಫಿಯನ್ನು ಬಿಡಬೇಕಾಗಿಲ್ಲ. ಊಟಕ್ಕೂ ಅದಕ್ಕೂ ಒಂದು ಗಂಟೆಯ ಅಂತರವಿರಲಿ. ಸಂಜೆಯ ನಂತರದ ಕಾಫಿ ನಿದ್ರೆಯನ್ನು ಕೆಡಿಸುತ್ತದೆ, ಕೆಟ್ಟ ನಿದ್ರೆ ಮರುದಿನದ ಮನಸ್ಸನ್ನು ಕೆಡಿಸುತ್ತದೆ.

ಸಸ್ಯಾಹಾರಿಗಳು ಮರೆಯಬಾರದ ಸಂಗತಿ

ಬಿ12 ಎಂಬ ಜೀವಸತ್ವ ರಕ್ತಕ್ಕೂ ನರಗಳಿಗೂ ಅವಶ್ಯ. ಅದು ಕಡಿಮೆಯಾದರೆ ಆಯಾಸ, ಅಂಗಾಲಿನ ಜೋಮು, ಮರೆವು, ಖಿನ್ನತೆಗಳು ಕಾಣಿಸಿಕೊಳ್ಳಬಹುದು. ಧಾನ್ಯ, ಕಾಳು, ಸೊಪ್ಪುಗಳನ್ನು ಎಷ್ಟು ತಿಂದರೂ ಅದು ದೊರೆಯದು. ಸಸ್ಯಾಹಾರಿ ಮನೆಗಳಲ್ಲಿ ಹಾಲು, ಮೊಸರು, ಮಜ್ಜಿಗೆಗಳೇ ಅದರ ಆಸರೆ. ಆದರೆ ನಮ್ಮ ಹಳ್ಳಿಗಳಲ್ಲಿ ಎರಡು ಹೊತ್ತಿನ ಹಾಲೂ ಡೇರಿ ಸೇರಿ, ಹಿರಿಯರ ಪಾಲಿಗೆ ಕಾಫಿಗೆ ಬೆರೆಸುವಷ್ಟು ಮಾತ್ರ ಉಳಿಯುವುದುಂಟು. ಹಸು ಸಾಕಿದ ಮನೆಯ ಅಜ್ಜಿಗೆ ಒಂದು ಲೋಟ ಹಾಲಿಲ್ಲದಿರುವುದು ಸರಿಯಲ್ಲ. ದಿನಕ್ಕೆ ಒಬ್ಬೊಬ್ಬರಿಗೆ ಒಂದು ಲೋಟ ಹಾಲು, ಒಂದು ಬಟ್ಟಲು ಮೊಸರು ಮೀಸಲಿಡುವುದನ್ನು ಮನೆಯ ನಿಯಮವಾಗಿಸಬೇಕು.

ವಯಸ್ಸಾದಂತೆ ಈ ಜೀವಸತ್ವವನ್ನು ಹೀರಿಕೊಳ್ಳುವ ಶಕ್ತಿ ಕುಗ್ಗುತ್ತದೆ. ಮಧುಮೇಹಕ್ಕೆ ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ನುಂಗುವವರಲ್ಲಿಯೂ ಕೊರತೆಯುಂಟಾಗಬಹುದು. ಅಂಥವರು ವೈದ್ಯರ ಸಲಹೆಯಂತೆ ರಕ್ತಪರೀಕ್ಷೆ ಮಾಡಿಸಿಕೊಳ್ಳಲಿ. ಕೊರತೆಯಿದ್ದರೆ ಮಾತ್ರೆ ಅಥವಾ ಚುಚ್ಚುಮದ್ದಿನಿಂದ ಅದನ್ನು ತುಂಬಬಹುದು. ಮೆಟ್‌ಫಾರ್ಮಿನ್ ಅನ್ನು ಮಾತ್ರ ತಾವಾಗಿ ನಿಲ್ಲಿಸಬಾರದು.

ದಿನದ ಕ್ರಮ

ಬೆಳಿಗ್ಗೆ ಸ್ನಾನ, ಪೂಜೆಗಳ ನಂತರ ಬಿಸಿಲಿನಲ್ಲಿ ಅರ್ಧ ಗಂಟೆ ನಡೆಯಬೇಕು. ಬೆಳಗಿನ ಬೆಳಕು ನಿದ್ರೆ, ಎಚ್ಚರಗಳ ಕಾಲವನ್ನು ಸರಿಪಡಿಸುತ್ತದೆ. ವಿಟಮಿನ್ ಡಿ ತಯಾರಾಗಲು 10ರಿಂದ 3 ಗಂಟೆಯೊಳಗಿನ ಬಿಸಿಲು ಸ್ವಲ್ಪ ಹೊತ್ತು ಕೈಕಾಲಿಗೆ ತಾಗಬೇಕು. ಬೆಳಗಿನ ಉಪಾಹಾರವನ್ನು ತಪ್ಪಿಸಬಾರದು. ರಾಗಿರೊಟ್ಟಿ, ಚಟ್ನಿ, ಒಂದು ಲೋಟ ಹಾಲು ಸಾಕು. ಮಧ್ಯಾಹ್ನ ಮುದ್ದೆ ಅಥವಾ ಅನ್ನ, ಕಾಳಿನ ಸಾರು, ಪಲ್ಯ, ಮಜ್ಜಿಗೆ. ಸಂಜೆ ಬೋಂಡದ ಬದಲು ಬೇಯಿಸಿದ ಅವರೆಕಾಳು ಅಥವಾ ಕಡಲೆಕಾಯಿ. ರಾತ್ರಿಯೂಟ ಹಗುರವಾಗಿ, ಬೇಗನೆ, ಮನೆಮಂದಿಯೆಲ್ಲ ಜೊತೆಯಲ್ಲಿ ಕುಳಿತು. ಒಂಟಿಯಾಗಿ ಉಣ್ಣುವವರು ಕಡಿಮೆ ಉಣ್ಣುತ್ತಾರೆ. ಬಾಯಾರದಿದ್ದರೂ ಆಗಾಗ ಬಿಸಿನೀರು ಕುಡಿಯಬೇಕು.

ಆಹಾರದ ಮಿತಿ

ಆಹಾರ ಮನಸ್ಸಿಗೆ ಆಸರೆ. ಎಲ್ಲ ಖಿನ್ನತೆಗೂ ಅದೇ ಔಷಧಿಯಲ್ಲ. ಥೈರಾಯ್ಡ್ ಕುಂದಿದರೂ ಚಳಿ ತಾಳದಿರುವುದು, ಆಯಾಸ, ಮಂಕು ತೋರುತ್ತವೆ. ಬೇಸರ, ನಿರಾಸಕ್ತಿ, ನಿದ್ರಾಹೀನತೆ ಎರಡು ವಾರ ಬಿಡದೆ ಇದ್ದರೆ, ಅಥವಾ ಬದುಕೇ ಬೇಡವೆಂಬ ಮಾತು ಬಾಯಲ್ಲಿ ಬಂದರೆ, ತಡಮಾಡದೆ ವೈದ್ಯರ ಬಳಿಗೆ ಕರೆದೊಯ್ಯಬೇಕು. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿಯೆನ್ನದೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಕಾಲುನೋವನ್ನು ಹೇಳಿಕೊಳ್ಳಲು ನಾಚದ ನಾವು ಮನದ ನೋವನ್ನು ಹೇಳಿಕೊಳ್ಳಲೂ ನಾಚಬೇಕಾಗಿಲ್ಲ. ಸದ್ಭಕ್ತರು ಈ ಚಳಿಗಾಲದಲ್ಲಿ ತಮ್ಮ ಮನೆಯ ಹಿರಿಯರನ್ನು “ಊಟವಾಯಿತೇ?” ಎಂದು ಕೇಳುವುದರ ಜೊತೆಗೆ “ಏನು ಉಂಡಿರಿ? ಮನಸ್ಸು ಹೇಗಿದೆ?” ಎಂದೂ ಕೇಳುವಂತಾಗಲಿ.